ಶಾಂತಿ ಓಡಿದ 800 ಮೀಟರ್

ಮೊನ್ನೆ ಕೊಪ್ಪ ಬಸ್ಸಲ್ಲಿ ಕಿತ್ತಾಡಿದ್ವಲ್ಲ, ಟ್ರಾನ್ಸ್ ಮಹಿಳೆಯರು ಹೆಣ್ಮಕ್ಕಳ ಜೊತೆ ಓಡಬಹುದಾ ಅಂತ? ಗಂಡುದೇಹದಲ್ಲಿ ವಯಸ್ಸಿಗೆ ಬಂದಿದ್ರೆ ಬೇಡ ಅಂತ ವರ್ಲ್ಡ್ ಅಥ್ಲೆಟಿಕ್ಸ್ 2023ರಲ್ಲೇ ಹೇಳಿದೆ. ದೇಹಬಲದ ಪ್ರಶ್ನೆ ಸುಳ್ಳಲ್ಲ, ಒಪ್ತೀನಿ.

ಆದ್ರೆ ಆ ಅನುಮಾನ ಯಾರ ಮೇಲೆಲ್ಲ ಬೀಳುತ್ತೆ ನೋಡಿ. ಪಕ್ಕದ ತಮಿಳುನಾಡಿನ ಶಾಂತಿ ಸೌಂದರರಾಜನ್ ಟ್ರಾನ್ಸ್ ಅಲ್ಲ, ಹೆಣ್ಣಾಗೇ ಹುಟ್ಟಿ ಬೆಳೆದವರು. 2006ರ ದೋಹಾ ಏಷ್ಯನ್ ಗೇಮ್ಸಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ರು. ಲಿಂಗಪರೀಕ್ಷೆ ಮಾಡಿ ಪದಕ ಕಿತ್ಕೊಂಡ್ರು. ಆಮೇಲೆ ಒಂದಷ್ಟು ಕಾಲ ಇಟ್ಟಿಗೆ ಗೂಡಲ್ಲಿ ಕೂಲಿ ಮಾಡಿದ್ರು.

ಪಿಯುಸಿಲಿ ನಮ್ಮನ್ನೆಲ್ಲ ಹಿಂದೆ ಹಾಕ್ತಿದ್ದವಳನ್ನ ‘ಇವಳು ಹುಡುಗೀನೇನಾ?’ ಅಂತ ಆಡ್ಕೊಂಡು ನಕ್ಕಿದ್ದು ನಾನೇ. ಆಮೇಲೆ ಅವಳು ಗ್ರೌಂಡಿಗೇ ಬರ್ಲಿಲ್ಲ. ಅವಳ ನಂಬರ್ ಇನ್ನೂ ನನ್ ಹತ್ರ ಇದೆ. ಇದನ್ನ ಪೋಸ್ಟ್ ಮಾಡೋಕೆ ಮುಂಚೆ ಅವಳಿಗೆ ಮೆಸೇಜ್ ಹಾಕಿದೀನಿ.