ಅಣ್ಣನ ಜೀಪು ಮತ್ತು ಎರಡು ಇಂಚಿನ ಪಾಠ

ಹಳೆಯ ವಿದ್ಯಾರ್ಥಿಗಳು ಎಲ್ಲಿಯಾದರೂ ಸಿಕ್ಕರೆ ನನ್ನ ಆರೋಗ್ಯ ವಿಚಾರಿಸುವ ಮೊದಲೇ "ಸಾರ್, ಆ ಜೀಪು ಇನ್ನೂ ಇದೆಯಾ?" ಎಂದು ಕೇಳುತ್ತಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಿಗೆ ನಮ್ಮ ಶಾಲೆಯ ಮಕ್ಕಳು ಹೋಗಿಬರುತ್ತಿದ್ದುದು ನನ್ನ ಅಣ್ಣನ ಜೀಪಿನಲ್ಲಿಯೇ. ಹಿಂಬದಿಯಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಿದ್ದೆವು ಎಂಬುದನ್ನು ಇಂದು ನೆನೆದರೆ ಭಯವಾಗುತ್ತದೆ. ಜೀಪು ಇದೆ. ಆದರೆ ಕಳೆದ ಎರಡು ವರ್ಷಗಳಲ್ಲಿ ಅದು ನನಗೊಂದು ಪಾಠ ಕಲಿಸಿದೆ. ಮೂವತ್ತೈದು ವರ್ಷ ಭೌತಶಾಸ್ತ್ರ ಬೋಧಿಸಿದವನು ಅದೇ ವಿಷಯದಲ್ಲಿ ಮುಗ್ಗರಿಸಿದ ಕಥೆಯಿದು. ಹೇಳಿಕೊಳ್ಳಲು ಸಂಕೋಚವಿದ್ದರೂ ನಿಮ್ಮೆದುರು ಮುಚ್ಚಿಡುವುದೇನಿದೆ?

ಅಣ್ಣ ಈ ಮಹೀಂದ್ರ ಜೀಪನ್ನು ಕೊಂಡದ್ದು 1988ರಲ್ಲಿ. ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ನಮ್ಮದೂ ಅದೇ ವಂಶದ ಕುಡಿ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಡೀಸೆಲ್ ಗಾಡಿ. ಕೊಪ್ಪ ಸೀಮೆಯ ನಮ್ಮ ಮನೆ ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ನಡುವೆ ಎರಡು ಹಳ್ಳ, ಒಂದು ಕಡಿದಾದ ಇಳಿಜಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೆಸರಿನಲ್ಲಿ ಬೇರಾವ ವಾಹನವೂ ಬಾರದು. ಅಡಿಕೆ ಮೂಟೆ, ಗೊಬ್ಬರ, ಬಾಣಂತಿಯರು, ಜ್ವರದ ಮಕ್ಕಳು, ಎಲ್ಲರನ್ನೂ ಹೊತ್ತ ಗಾಡಿ ಅದು. 2011ರಲ್ಲಿ ಅಣ್ಣ ತೀರಿಕೊಂಡ ಮೇಲೆ ನನ್ನ ಕೈಗೆ ಬಂತು. ಅತ್ತಿಗೆ ನಮ್ಮೊಡನೆಯೇ ಇದ್ದಾರೆ. ಈಗ ಅವರಿಗೆ 76 ವರ್ಷ. ಜೀಪಿನ ಎಡಗಡೆಯ ಸೀಟು ಅಂದಿನಿಂದ ಇಂದಿನವರೆಗೆ ಅವರದೇ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2023ರಲ್ಲಿ ನವೀಕರಣವಾಯಿತು. ಆದರೆ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಜೀಪು ಬಲಕ್ಕೆ ವಾಲಿ ನಿಲ್ಲುತ್ತಿತ್ತು. ಗುಂಡಿಗೆ ಇಳಿದಾಗ 'ಕಟ್' ಎಂಬ ಸದ್ದು. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಅತ್ತಿತ್ತ ತಿದ್ದುತ್ತಿರಬೇಕು. ಗಾಲಿಜಾಡುಗಳ ನಡುವಿನ ಏರು ಗಾಡಿಯ ಅಡಿಭಾಗಕ್ಕೆ ತಾಗುತ್ತಿತ್ತು. ಅತ್ತಿಗೆಯ ಸೊಂಟನೋವು ಹೆಚ್ಚಾಯಿತು. "ಈ ಗಾಡಿಯಲ್ಲಿ ಕೂತರೆ ಬೆನ್ನುಮೂಳೆಯ ಲೆಕ್ಕ ಸಿಗುತ್ತದೆ ಮಾರಾಯ" ಎಂದು ನಗುತ್ತಲೇ ಹೇಳಿದರು.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿಯೇ ಪರಿಹಾರ ಸೂಚಿಸಿದ. "ಅಪ್ಪ, ಈಗ ಎಲ್ಲರೂ ಜೀಪನ್ನು ಎತ್ತರಿಸುತ್ತಾರೆ. ಉದ್ದದ ಶ್ಯಾಕಲ್ ಹಾಕಿಸಿದರೆ ಸಾಕು, ಕಡಿಮೆ ಖರ್ಚು." ಜೆ.ಸಿ. ರಸ್ತೆಯಲ್ಲಿ ಸುತ್ತಾಡಿ ನಾಲ್ಕು ಜೊತೆ ಶ್ಯಾಕಲ್‌ಗಳನ್ನೂ ಉದ್ದದ ಶಾಕ್ ಅಬ್ಸಾರ್ಬರ್‌ಗಳನ್ನೂ ಕಳಿಸಿಯೇಬಿಟ್ಟ.

ಜೀಪಿನ ಕೆಳಗೆ ಬಗ್ಗಿ ನೋಡದವರಿಗಾಗಿ ಎರಡು ಮಾತು. ಚಕ್ರಗಳನ್ನು ಹೊತ್ತ ಆಕ್ಸಲಿಗೂ ಮೇಲಿನ ಚಾಸಿಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅದೇ ಲೀಫ್ ಸ್ಪ್ರಿಂಗ್. ಅದರ ಒಂದು ತುದಿ ಚಾಸಿಗೆ ನೇರವಾಗಿ ಕೂಡಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ಚಿಕ್ಕ ಉಯ್ಯಾಲೆಯ ಮೂಲಕ ತೂಗುತ್ತದೆ. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಎಡೆ ಮಾಡಿಕೊಡುವುದು ಶ್ಯಾಕಲಿನ ಕೆಲಸ. ತುದಿಗಳ ಬಳೆಯೊಳಗೆ ಬುಷ್ ಇರುತ್ತದೆ. ಪಟ್ಟಿಗಳ ಕಟ್ಟನ್ನು ಆಕ್ಸಲಿಗೆ ಬಿಗಿಯುವುದು ಯು-ಬೋಲ್ಟ್. ಪುಟಿತವನ್ನು ತಗ್ಗಿಸುವುದು ಶಾಕ್ ಅಬ್ಸಾರ್ಬರ್.

ನಾನು ಕಾಗದ ಪೆನ್ಸಿಲು ಹಿಡಿದು ಕುಳಿತೆ. ಶ್ಯಾಕಲ್ ಇರುವುದು ಸ್ಪ್ರಿಂಗಿನ ಒಂದೇ ತುದಿಯಲ್ಲಿ, ಆಕ್ಸಲ್ ಇರುವುದು ಹೆಚ್ಚುಕಡಿಮೆ ನಡುವೆ. ಆದ್ದರಿಂದ ಶ್ಯಾಕಲ್ 4 ಇಂಚು ಉದ್ದವಾದರೆ ಗಾಡಿ ಏರುವುದು ಅದರ ಅರ್ಧ, ಅಂದರೆ 2 ಇಂಚು. ಈ ಲೆಕ್ಕ ಮಾಡಿ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೊಪ್ಪದ ಹೊರವಲಯದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿಯೇ ಅನುತ್ತೀರ್ಣನಾಗಿ ಓದು ಬಿಟ್ಟವನು. ಮಳೆಗಾಲದಲ್ಲಿ ಅವನು ತರಗತಿಗೆ ಬರುತ್ತಿದ್ದುದೇ ಅಪರೂಪ. ಹಳ್ಳ ಉಕ್ಕಿದರೆ ಸಂಕ ಮುಳುಗುತ್ತಿತ್ತು. ಅದು ನನಗೆ ಗೊತ್ತಿದ್ದೂ ಅವನ ಅಂಕಪಟ್ಟಿಯಲ್ಲಿ 'ಶ್ರದ್ಧೆ ಸಾಲದು' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಅವನು ಜೀಪನ್ನು ಒಂದು ಸುತ್ತು ನೋಡಿ, "ಸಾರ್, ಇದು ಎತ್ತರ ಸಾಲದ ಗಾಡಿಯಲ್ಲ. ಕುಸಿದ ಗಾಡಿ. ಮೊದಲು ಪಟ್ಟಿ ಬಿಚ್ಚಿ ನೋಡುವಾ. ಶ್ಯಾಕಲ್ ಉದ್ದ ಮಾಡಿದರೆ ಬೇರೆ ಹತ್ತು ಕಡೆ ಕೈ ಹಾಕಬೇಕು" ಎಂದ. ನಾನು ಕಾಗದದ ಲೆಕ್ಕ ತೋರಿಸಿದೆ. ಅವನು ಲೆಕ್ಕವನ್ನು ನೋಡಲಿಲ್ಲ, ನನ್ನ ಮುಖ ನೋಡಿದ. ಕೊನೆಗೆ "ನನ್ನ ಕೈಯಿಂದ ಇದನ್ನು ಹಾಕುವುದಿಲ್ಲ ಸಾರ್, ತಪ್ಪು ತಿಳಿಯಬೇಡಿ" ಎಂದು ಬಿಟ್ಟ. ನನಗೆ ಸಿಟ್ಟು ಬಂತು. ಬೇರೊಂದು ಕಡೆ ಹಾಕಿಸಿದೆ.

ಜೀಪು 2 ಇಂಚು ಏರಿತು. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಗಳಲ್ಲಿ.

ಶ್ಯಾಕಲ್ ಉದ್ದವಾದಾಗ ಸ್ಪ್ರಿಂಗಿನ ಒಂದು ತುದಿ ಮಾತ್ರ ಕೆಳಗಿಳಿದು ಆಕ್ಸಲ್ ತುಸು ತಿರುಗಿಕೊಳ್ಳುತ್ತದೆ. ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ ಕಡಿಮೆಯಾಗಿ, ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಗ್ಗಿತು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಎರಡು ಕೀಲುಗಳ ಕೋನಗಳು ಒಂದಕ್ಕೊಂದು ಹೊಂದದೆ ವೇಗ ಹೆಚ್ಚಿದಂತೆ ಗಾಡಿ ನಡುಗತೊಡಗಿತು. ಭಾರದ ಕೇಂದ್ರ ಮೇಲೇರಿದ್ದರಿಂದ ಪಕ್ಕದ ಇಳಿಜಾರಿನಲ್ಲಿ ಎದೆ ಝಲ್ಲೆನ್ನುತ್ತಿತ್ತು. ಇಷ್ಟಾದರೂ ನಡುಏರು ತಾಗುವುದು ನಿಲ್ಲಲಿಲ್ಲ. ಅಲ್ಲಿ ತಾಗುತ್ತಿದ್ದುದು ಆಕ್ಸಲಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್. ಅದು ಸ್ಪ್ರಿಂಗಿಗಿಂತ ಕೆಳಗಿನ ಲೋಕದ್ದು. ಸ್ಪ್ರಿಂಗನ್ನೋ ಶ್ಯಾಕಲನ್ನೋ ಎಷ್ಟು ಎತ್ತರಿಸಿದರೂ ಮೇಲೇಳುವುದು ಚಾಸಿಯೇ ಹೊರತು ಆಕ್ಸಲಲ್ಲ. ಆಕ್ಸಲ್ ಏರಬೇಕಾದರೆ ದೊಡ್ಡ ಟೈರು ಬೇಕು, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟೇ ಏರುತ್ತದೆ. ಎಂಟನೆಯ ತರಗತಿಯ ಹುಡುಗನಿಗೂ ಹೊಳೆಯಬಹುದಾದ ಈ ಸಂಗತಿ ನನಗೆ ಹೊಳೆದಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅತ್ತಿಗೆಗೆ ಹತ್ತಲಾಗಲಿಲ್ಲ. ಮೊದಲು ಒಂದು ಮಣೆ ಇಟ್ಟರೆ ಸಾಕಾಗುತ್ತಿತ್ತು. ಈಗ ನಾನೂ ನನ್ನ ಹೆಂಡತಿಯೂ ಎರಡು ಕಡೆ ಹಿಡಿದು ಏರಿಸಬೇಕು. ಅವರು ಏನೂ ಅನ್ನಲಿಲ್ಲ. ಪೇಟೆಗೆ ಬರುವುದನ್ನೇ ಕಡಿಮೆ ಮಾಡಿದರು.

2024ರ ಜೂನ್ ತಿಂಗಳು. ರಕ್ತದೊತ್ತಡದ ಔಷಧಿ ಮುಗಿದಿತ್ತು, ವೈದ್ಯರು ಅವರನ್ನೂ ಕರೆತರಲು ಹೇಳಿದ್ದರು. ಮಳೆ ಹಿಡಿದಿತ್ತು. ಇಳಿಜಾರಿನ ಮೊದಲಿಗೆ ಒಂದು ಆಳದ ಗುಂಡಿ. ಹಿಂದಿನ ಎಡಚಕ್ರ ಅದರೊಳಗೆ ಪೂರ್ತಿ ಇಳಿಯಿತು. ಉದ್ದದ ಶಾಕ್ ಅಬ್ಸಾರ್ಬರ್ ಇದ್ದುದರಿಂದ ಆಕ್ಸಲ್ ಮೊದಲಿಗಿಂತ ಕೆಳಕ್ಕೆ ಜೋಲುವಂತಾಗಿತ್ತು. ಆದರೆ ಚಾಸಿಯಿಂದ ಆಕ್ಸಲಿಗೆ ಬರುವ ಬ್ರೇಕಿನ ರಬ್ಬರ್ ಕೊಳವೆ ಹಳೆಯ ಅಳತೆಯದ್ದೇ. ಅದು ಜಗ್ಗಿ ಬಿರಿಯಿತು. ಮುಂದಿನ ಸಲ ಬ್ರೇಕ್ ಒತ್ತಿದಾಗ ಪೆಡಲು ನೆಲ ಮುಟ್ಟಿತು. ಪುಣ್ಯಕ್ಕೆ ಗಾಡಿ ಮೊದಲ ಗೇರಿನಲ್ಲಿತ್ತು. ಕೈಬ್ರೇಕ್ ಎಳೆದು, ಬಲಗಡೆಯ ದರೆಗೆ ಒರೆಸಿಕೊಂಡು ನಿಲ್ಲಿಸಿದೆ. ಎಡಗಡೆ ಹಳ್ಳ. ಹಳ್ಳದ ಬದಿಯಲ್ಲಿ ಕುಳಿತವರು ಅತ್ತಿಗೆ.

ಕೆಲ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು, "ನಿನ್ನ ಅಣ್ಣನೂ ಇದನ್ನು ಓಡಿಸಿದ್ದ. ಇಷ್ಟೇ ಎತ್ತರದಲ್ಲಿ ಸಾಕಾಗಿತ್ತಲ್ಲ?" ಎಂದರು. ಗದರಿಕೆಯಲ್ಲ, ನಿಜವಾದ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಅವನ ಗ್ಯಾರೇಜಿಗೆ ಫೋನು ಮಾಡಿದೆ. ಹೊಸ ಕೊಳವೆ ಹಿಡಿದುಕೊಂಡು ತಾನೇ ಬಂದ, ಅಲ್ಲೇ ಹಾಕಿ ಜೀಪನ್ನು ಕೊಂಡೊಯ್ದ. 'ನಾನು ಹೇಳಿರಲಿಲ್ಲವೇ' ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ.

ಮುಂದಿನ ಮೂರು ದಿನ ನಾನು ಅಲ್ಲಿ ಮುರುಕು ಸ್ಟೂಲಿನ ಮೇಲೆ ಕುಳಿತು ನೋಡಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ರಾತ್ರಿಯೇ ಎಣ್ಣೆ ಉಣಿಸಿಟ್ಟಿದ್ದ. ಚಾಸಿಗೆ ಗಟ್ಟಿಯಾದ ಆಸರೆ ಕೊಟ್ಟು, ಆಕ್ಸಲನ್ನು ಬೇರೆ ಜಾಕಿನಲ್ಲಿ ಹಿಡಿದು, ಒಂದೊಂದೇ ಮೂಲೆ ಬಿಚ್ಚಿದ. ಬುಷ್‌ಗಳ ದುಂಡು ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಪಿನ್ನುಗಳಲ್ಲಿ ಉಗುರು ಸಿಕ್ಕುವಷ್ಟು ಸವೆತ. ಬಲಗಡೆಯ ಹಿಂದಿನ ಕಟ್ಟನ್ನು ಬಿಡಿಸಿದಾಗ ಮೂರನೆಯ ಪಟ್ಟಿ ನಡುಬೋಲ್ಟಿನ ರಂಧ್ರದ ಬಳಿ ಮುರಿದು ಎರಡಾಗಿತ್ತು. ಮುರಿದ ಮೈ ಪೂರ್ತಿ ತುಕ್ಕು ಹಿಡಿದಿತ್ತು. ಅಂದರೆ ಎಷ್ಟೋ ಕಾಲದಿಂದ ಹಾಗೆಯೇ ಇದ್ದು, ಅದರ ಪಾಲಿನ ಭಾರವನ್ನು ಉಳಿದವು ಹೊತ್ತಿದ್ದವು. ಆ ಮುರುಕಿನ ಮೇಲೆ ನಾನು ಎತ್ತರ ಕಟ್ಟಿದ್ದೆ.

ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನಿಮಗೆಲ್ಲ ಪ್ರತಿವರ್ಷ ಬರೆಸಿದ್ದೇನೆ: ಸ್ಪ್ರಿಂಗಿನ ವಿಸ್ತರಣೆ ಬಲಕ್ಕೆ ಅನುಪಾತದಲ್ಲಿರುತ್ತದೆ. 'ಸ್ಥಿತಿಸ್ಥಾಪಕತೆಯ ಮಿತಿಯೊಳಗೆ' ಎಂಬ ಮಾತನ್ನು ಬಿಟ್ಟವರಿಗೆ ಅರ್ಧ ಅಂಕ ಕಡಿದಿದ್ದೇನೆ. ವರ್ಷಗಟ್ಟಲೆ ಭಾರ ಹೊತ್ತು ಬಳಲಿದ ಉಕ್ಕು ಮೊದಲಿನ ಬಾಗಿಗೆ ಮರಳದು. ಹಾಗಿದ್ದರೆ ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಾಗಿಸಬಹುದಲ್ಲ ಎಂದು ಕೇಳಿದೆ. "ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ ಸಾರ್. ಬಾಗು ಬರುತ್ತದೆ, ನಾಲ್ಕು ತಿಂಗಳಿಗೆ ಮತ್ತೆ ಕುಸಿಯುತ್ತದೆ. ಕಾಯಿಸಿದ ಮೇಲೆ ಸರಿಯಾಗಿ ಹದ ಕೊಡುವ ವ್ಯವಸ್ಥೆ ಇಲ್ಲಿಲ್ಲ" ಎಂದ. ಅವನಿಗೆ ಅರ್ಧ ಅಂಕ ಕಡಿಯಲು ನನ್ನಲ್ಲಿ ಕಾರಣವಿರಲಿಲ್ಲ.

ಮೂಲ ಅಳತೆಯ ಹೊಸ ಸ್ಪ್ರಿಂಗ್ ಕಟ್ಟುಗಳು, ಮೂಲ ಉದ್ದದ ಶ್ಯಾಕಲ್, ಹೊಸ ಪಿನ್ನು, ರಬ್ಬರ್ ಬುಷ್, ಮೂಲ ಅಳತೆಯ ಶಾಕ್ ಅಬ್ಸಾರ್ಬರ್. ಯು-ಬೋಲ್ಟುಗಳೂ ಹೊಸವೇ, ಏಕೆಂದರೆ ಒಮ್ಮೆ ಬಿಗಿದು ಹಿಗ್ಗಿದವನ್ನು ಮತ್ತೆ ನಂಬಬಾರದು. ಎಲ್ಲ ಕೂಡಿಸಿದ ಮೇಲೂ ಶ್ಯಾಕಲಿನ ಬೋಲ್ಟುಗಳನ್ನು ಅವನು ಪೂರ್ತಿ ಬಿಗಿಯಲಿಲ್ಲ. ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ನಾಲ್ಕು ಸಲ ಅಲುಗಿಸಿ, ಭಾರ ಕುಳಿತ ಮೇಲೆಯೇ ಬಿಗಿದ. ಗಾಳಿಯಲ್ಲಿ ತೂಗುವಾಗ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆಯಂತೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಲು ಕರೆಸಿಕೊಂಡ.

ಉದ್ದದ ಶ್ಯಾಕಲ್‌ಗಳು ಹಾಕಿಸುವ ಮೊದಲು ಚಕ್ರದ ನಡುವಿನಿಂದ ಮಡ್‌ಗಾರ್ಡಿನವರೆಗೆ ಅಳೆದು ಬರೆದಿಟ್ಟುಕೊಂಡಿದ್ದೆ. ಆ ಕುಸಿದ ಅಳತೆಗೆ ಹೋಲಿಸಿದರೆ ಈಗ ಬಲಗಡೆ ಹೆಚ್ಚುಕಡಿಮೆ 2 ಇಂಚು, ಎಡಗಡೆ 1 ಇಂಚು ಏರಿತ್ತು. ನಾನು ಬಯಸಿದ ಎತ್ತರ ಗಾಡಿಯೊಳಗೇ ಇತ್ತು, ಕಳೆದುಹೋಗಿತ್ತು ಅಷ್ಟೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದನ್ನೂ ನಾನು ಓದಿಕೊಂಡದ್ದು ಆಮೇಲೆಯೇ. ಡಿಫರೆನ್ಷಿಯಲಿಗೆ ತಾಗುವ ನಡುಏರಿಗೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ಅವನು ನಕ್ಕು, "ಅದಕ್ಕೆ ಗುದ್ದಲಿ ಸಾಕು ಸಾರ್" ಎಂದ. ಇಬ್ಬರು ಆಳುಗಳು ಎರಡು ದಿನ ಕೆತ್ತಿದರು. ಮುಗಿಯಿತು.

ಬಿಲ್ಲು ಕೊಡುವಾಗ ಒಂದು ರೂಪಾಯಿಯನ್ನೂ ಬಿಡಲಿಲ್ಲ. "ಮೇಷ್ಟ್ರಿಗೆಂದು ಮಜೂರಿ ಬಿಟ್ಟರೆ ಕೆಲಸದ ಬೆಲೆ ಬಿಟ್ಟ ಹಾಗೆ" ಎಂದ. ಅದು ನನಗೆ ಬಹಳ ಹಿಡಿಸಿತು. ಉದ್ದದ ಶ್ಯಾಕಲ್‌ಗಳನ್ನು ಮಾರಿಬಿಡಲೇ ಎಂದೆ. ಬೇಡ, ಇನ್ನೊಬ್ಬರು ಹಾಕಿಕೊಳ್ಳುತ್ತಾರೆ ಎಂದು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಗುಜರಿಗೆ ಎಸೆದ. ಹೊರಡುವ ಮೊದಲು ನಾನು ಆ ಕೆಂಪು ಶಾಯಿಯ ಮಾತೆತ್ತಿ, ಅದು ತಪ್ಪಾಗಿತ್ತು ಎಂದು ಹೇಳಿದೆ. ಅವನು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, "ಅಪ್ಪ ಅದಕ್ಕೆ ಹೊಡೆದಿದ್ದ ಸಾರ್" ಎಂದಷ್ಟೇ ಹೇಳಿದ. ಮರೆತಿದ್ದೇನೆ ಎನ್ನಲಿಲ್ಲ. ಅನ್ನಬೇಕೆಂದು ನಾನೂ ಬಯಸಲಾರೆ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ಹಳೆಯ ಜೀಪುಗಳಿವೆ, ಕೆಲವರು ಎತ್ತರಿಸುವ ಯೋಚನೆಯಲ್ಲೂ ಇದ್ದೀರಿ ಎಂದು ಕೇಳಿದ್ದೇನೆ. ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನಾಲ್ಕು ಮೂಲೆ ಅಳೆಯಿರಿ. ಬುಷ್, ಪಿನ್ನು, ಪಟ್ಟಿಗಳನ್ನು ಬಿಚ್ಚಿಸಿ ನೋಡಿರಿ. ಸವೆದದ್ದನ್ನು ಸರಿಪಡಿಸಿದ ಮೇಲೂ ಎತ್ತರ ಬೇಕೆನ್ನಿಸಿದರೆ ಆಗ ಯೋಚಿಸಿರಿ. ಮತ್ತು 'ಬೇಡ' ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅವನನ್ನು ಬಿಟ್ಟು ಬೇರೆಡೆ ಹೋಗಬೇಡಿ.

ಜೀಪು ಮನೆಗೆ ಬಂದ ದಿನ ಅಂಗಳದಲ್ಲಿ ನಿಲ್ಲಿಸಿದೆ. ಅತ್ತಿಗೆ ಹೊರಗೆ ಬಂದು ದೂರದಿಂದಲೇ ನೋಡಿ, "ಈಗ ಸರಿ ನಿಂತಿದೆ" ಎಂದರು. ಒಳಗಿನಿಂದ ಹಳೆಯ ಮಣೆ ತಂದು ಕೆಳಗಿಟ್ಟು, ಬಾಗಿಲ ಕಂಬಿ ಹಿಡಿದು, ಯಾರ ಸಹಾಯವೂ ಇಲ್ಲದೆ ತಮ್ಮ ಸೀಟಿಗೆ ಏರಿ ಕುಳಿತರು. ಎಲ್ಲಿಗೂ ಹೋಗುವುದಿರಲಿಲ್ಲ. ಆದರೂ ಡಾಂಬರು ರಸ್ತೆಯವರೆಗೆ ಒಮ್ಮೆ ಹೋಗಿ ಬಂದೆವು.