ಅಜ್ಜಿಯ ಲೆಕ್ಕ: ತೊಣ್ಣೂರಿಂದ ಕಲಬುರಗಿಗೆ

ನಮ್ಮೂರು ತೊಣ್ಣೂರು, ಪಾಂಡವಪುರದ ಹತ್ತಿರ. ವೀಕೆಂಡಲ್ಲಿ ಬೈಕ್ ಹಾಕ್ಕೊಂಡು ಕೆರೆ ನೋಡೋಕೆ ಬಂದವರು ನಿಮ್ಮಲ್ಲೂ ಇರಬಹುದು. ಹೆಂಡತಿಯ ತವರು ಕಲಬುರಗಿ. ಇಬ್ಬರೂ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋದರಿಂದ ಈ ಎರಡು ಊರುಗಳ ದೂರ ಅಷ್ಟಾಗಿ ಗೊತ್ತಾಗಿರಲಿಲ್ಲ. ಗೊತ್ತಾಗಿದ್ದು ಮಗಳು ಹುಟ್ಟಿದ ಮೇಲೆ. ತವರಲ್ಲೇ ಹೆರಿಗೆ, ಅಲ್ಲೇ ತೊಟ್ಟಿಲ ಶಾಸ್ತ್ರ. ಎಂಬತ್ತು ದಾಟಿದ ನಮ್ಮಜ್ಜಿದು ಒಂದೇ ಹಟ: "ಮರಿಮಗಳನ್ನ ತೊಟ್ಲಿಗೆ ನಾನೇ ಹಾಕ್ಬೇಕು ಕಣ್ಲಾ."

ಅಜ್ಜಿ ನೋಡಿದ ದೂರ ಅಂದ್ರೆ ಮೇಲುಕೋಟೆ ವೈರಮುಡಿ, ಒಂದು ಸಲ ಧರ್ಮಸ್ಥಳ. ಮಂಡಿನೋವು ಬೇರೆ.

ಕೆರೆ ಏರಿ ಮೇಲೆ ಕೂತು ಮೊಬೈಲ್ ತೆಗೆದೆ. ನಮಗೆ ಹತ್ತಿರದ ವಿಮಾನ ನಿಲ್ದಾಣ ಮೈಸೂರಿನ ಮಂಡಕಳ್ಳಿ, ಸುಮಾರು ಐವತ್ತು ಕಿಲೋಮೀಟರ್. ಕಲಬುರಗಿಯಲ್ಲೂ 2019ರ ನವೆಂಬರಿನಿಂದ ವಿಮಾನ ನಿಲ್ದಾಣ ಇದೆ. ಮ್ಯಾಪಲ್ಲಿ ಎರಡರ ಮಧ್ಯೆ ನೇರ ಗೆರೆ ಎಳೆದರೆ 565 ಕಿಲೋಮೀಟರ್ ಆಸುಪಾಸು. ಹಾರಿದರೆ ಒಂದೂವರೆ ಗಂಟೆ ಸಾಕು. ಆದರೆ ನಾವು ಹುಡುಕಿದಾಗ ನೇರ ವಿಮಾನವೇ ಇರಲಿಲ್ಲ. ಮಂಡಕಳ್ಳಿಯ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನಕ್ಕಷ್ಟೇ ಸರಿ. ಉದ್ದ ಮಾಡೋಣ ಅಂದ್ರೆ ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ರೈಲು ಹಳಿ. ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಆದರೆ ಆಗ ಅಲ್ಲಿ ಇಳಿಯೋ ವಿಮಾನ ಕಡಿಮೆ ಇತ್ತು.

ಉಳಿದಿದ್ದು ದೇವನಹಳ್ಳಿ. ತೊಣ್ಣೂರಿಂದ ಅಲ್ಲಿಗೆ 160 ಕಿಲೋಮೀಟರಿಗೂ ಹೆಚ್ಚು, ಬೆಂಗಳೂರು ಟ್ರಾಫಿಕ್ ಸೇರಿ ನಾಲ್ಕು ಗಂಟೆ. ಚೆಕ್‌ಇನ್, ಹಾರಾಟ, ಅಲ್ಲಿಂದ ಮನೆ ಎಲ್ಲ ಕೂಡಿದರೆ ಎಂಟು ಗಂಟೆ. ಮಗಳು ಹುಟ್ಟಿದ ದಿನ ನಾನು ಬೆಂಗಳೂರಿಂದ ಹಾಗೇ ಹಾರಿ ಮಧ್ಯಾಹ್ನದೊಳಗೆ ಮುಖ ನೋಡಿದ್ದೆ. ರೈಲಾದರೆ ಹದಿನೇಳು ಗಂಟೆ. ವಿಮಾನವೇ ಸರಿ ಅಂದ್ಕೊಂಡೆ.

ಅಜ್ಜಿ ಕೇಳಿದ್ದು ಬೇರೆ. "ಎಷ್ಟ್ ಕಿತ ಹತ್ತಿ ಇಳೀಬೇಕ್ಲಾ?"

ಎಣಿಸಿದೆ. ಕಾರು, ಕ್ಯೂ, ಬಸ್ಸು, ವಿಮಾನದ ಮೆಟ್ಟಿಲು, ಮತ್ತೆ ಕಾರು. ವೀಲ್‌ಚೇರ್ ಕೊಡ್ತಾರೆ ಅಂದೆ. "ಕಾಲು ಚಾಚಾಕೆ ಎಲ್ಲಿ ಬುಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಮಂಡ್ಯದಲ್ಲಿ ಬಸವ ಎಕ್ಸ್‌ಪ್ರೆಸ್ ಹತ್ತಿದೆವು. ಲೋಯರ್ ಬರ್ತ್, ಪಕ್ಕದಲ್ಲಿ ಬುತ್ತಿ ಗಂಟು. ಹೊತ್ತು ಹೋಗಲಿ ಅಂತ ನಮ್ಮ ಕೆರೆಗೆ ಮೋತಿ ತಲಾಬ್ ಅನ್ನೋ ಹೆಸರು ಬಂದ ಕಥೆ ಹೇಳಿದೆ. 18ನೇ ಶತಮಾನದಲ್ಲಿ ದಖ್ಖನಿನಿಂದ ಬಂದ ನಾಸಿರ್ ಜಂಗ್ ಮುತ್ತಿನಂಥ ನೀರು ನೋಡಿ ಇಟ್ಟ ಹೆಸರಂತೆ. ಅವನು ಹೈದರಾಬಾದಿನ ನಿಜಾಮನ ಮಗ. ಕಲಬುರಗಿ 1948ರವರೆಗೂ ಅದೇ ನಿಜಾಮರ ಸೀಮೆ. "ಹಂಗಾರೆ ಬೀಗರ ಕಡೆಯೋನೇ ಅನ್ನು," ಅಂದು ಅಜ್ಜಿ ಮಗ್ಗುಲಾದರು.

ಬೆಳಗಿನ ಜಾವ ಸ್ಟೇಷನ್ನಿಗೆ ಮಾವ ಬಂದಿದ್ದರು. "ಬರ್ರಿ ಅಮ್ಮಾ, ಭಾಳ ದೂರ ಆಯ್ತೇನ್ರಿ?"

"ದೂರ ಏನಿಲ್ಲ ಬುಡಿ, ಮಲಗಿದ್ದೆ."

ನಿಮ್ಮ ಮನೆಯ ಹಿರಿಯರಿಗೆ ಟಿಕೆಟ್ ಬುಕ್ ಮಾಡೋವಾಗ ಗಂಟೆಗಳ ಜೊತೆ ಹತ್ತಿಳಿಯೋದನ್ನೂ ಒಂದು ಸಲ ಎಣಿಸಿ ನೋಡಿ. ನಮ್ಮಜ್ಜಿ ಮಗುವನ್ನ ತೊಟ್ಟಿಲಿಗೆ ಹಾಕಿ, ಕಿವಿ ಹತ್ತಿರ ಬಗ್ಗಿ ಹೇಳಿದ್ದು ಇಷ್ಟೇ: "ನೀನೂ ಬಾರವ್ವ, ನಮ್ ಕೆರೆ ತೋರುಸ್ತೀನಿ."