ಕೊಪ್ಪಕ್ಕೆ ಒಂದೇ ಸಾಲು ಸಾಕು

ನಮ್ಮ ಮನೆಗೆ ಬರುವ ಪತ್ರದ ಮೇಲೆ 577126 ಎಂದಿರುತ್ತದೆ. ಶೃಂಗೇರಿಗೆ 577139, ನರಸಿಂಹರಾಜಪುರಕ್ಕೆ 577134. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪಿನ್ ಕೋಡ್‌ನಲ್ಲಿ ಒಂದು ಜಾಣತನವಿದೆ. ದೆಹಲಿಯಲ್ಲಿ ಪತ್ರ ವಿಂಗಡಿಸುವವರಿಗೆ ಕೊಪ್ಪ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಮೊದಲಿನ 5 ನೋಡಿ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆಗೆ ಕಳಿಸಿದರಾಯಿತು. 577 ಎಂದರೆ ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಯ ಕಡೆ. ಅಡಿಕೆ ತೋಟದ ನಡುವಿನ ಒಂಟಿ ಮನೆ ಯಾರದ್ದು ಎಂಬುದು ನಮ್ಮ ಪೋಸ್ಟ್‌ಮ್ಯಾನ್‌ಗೆ ಗೊತ್ತಿದ್ದರೆ ಸಾಕು.

ರೂಟರ್‌ಗಳ ಲೋಕದಲ್ಲಿ ಇದೇ ಕೆಲಸಕ್ಕೆ ರೂಟ್ ಸಮ್ಮರೈಸೇಶನ್ ಎಂದು ಹೆಸರು. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ನನ್ನ ಮಾಮ ಈದ್ ರಜೆಗೆ ಬಂದಾಗ, "ಓದಿದ್ದು ಸಾಕು ಮಗಾ, ಕಟ್ಟಿ ನೋಡು" ಎಂದು ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಟರ್ ಹಾಕಿಕೊಟ್ಟರು. ನಾನು ಎರಡು ರೂಟರ್ ಇಟ್ಟು ಕೊಪ್ಪ, ಶೃಂಗೇರಿ ಎಂದು ಹೆಸರಿಟ್ಟೆ. ಕೊಪ್ಪದ ಹಿಂದೆ ಹರಿಹರಪುರ, ಜಯಪುರ, ಕಮ್ಮರಡಿ, ಬಸರಿಕಟ್ಟೆ ಎಂಬ ನಾಲ್ಕು ನೆಟ್‌ವರ್ಕ್‌ಗಳು: 10.1.0.0ರಿಂದ 10.1.3.0ವರೆಗೆ, ಎಲ್ಲವೂ /24. ರೂಟಿಂಗ್ ಪ್ರೋಟೋಕಾಲ್ ಇಐಜಿಆರ್‌ಪಿ.

ಮೊದಲು ಶೃಂಗೇರಿಯ ಪಟ್ಟಿಯಲ್ಲಿ ನಾಲ್ಕು ಸಾಲು ಬಂತು. ಕೊಪ್ಪದ ಇಂಟರ್‌ಫೇಸ್‌ನಲ್ಲಿ 10.1.0.0, ಮಾಸ್ಕ್ 255.255.252.0 ಎಂದು ಸಮ್ಮರಿ ಕೊಟ್ಟ ಕೂಡಲೇ ನಾಲ್ಕೂ ಹೋಗಿ ಒಂದೇ ಸಾಲು ಉಳಿಯಿತು, /22. ಈಗ ಜಯಪುರದ ಲಿಂಕ್ ಬಿದ್ದರೂ ಶೃಂಗೇರಿಗೆ ಆ ಸುದ್ದಿಯೇ ಹೋಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಕ್ಕೆ ನಾಲ್ಕು ಸಲ ತಂತಿ ಹರಿಯುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದ ವ್ಯವಸ್ಥೆ.

ಆದರೆ ಜಯಪುರಕ್ಕೆಂದು ಬಂದ ಪ್ಯಾಕೆಟ್ ಏನಾಗಬೇಕು? ಶೃಂಗೇರಿ ಅದನ್ನು ಕೊಪ್ಪಕ್ಕೆ ಕಳಿಸುತ್ತಲೇ ಇರುತ್ತದೆ. ಕೊಪ್ಪದ ಡೀಫಾಲ್ಟ್ ದಾರಿ ಶೃಂಗೇರಿಯ ಕಡೆಗೇ ಇದ್ದರೆ ಪ್ಯಾಕೆಟ್ ಎರಡರ ನಡುವೆ ಚೆಂಡಿನಂತೆ ಓಡಾಡಬೇಕಿತ್ತು. ಹಾಗಾಗಲಿಲ್ಲ. ಸಮ್ಮರಿ ಕೊಟ್ಟಾಗಲೇ ಕೊಪ್ಪದ ರೂಟರ್ ತನ್ನ ಪಟ್ಟಿಯಲ್ಲಿ ಅದೇ /22ಕ್ಕೆ ನಲ್0 ಎಂಬ ದಾರಿ ಬರೆದುಕೊಂಡಿತ್ತು. ಅದು ಇಲ್ಲದ ಇಂಟರ್‌ಫೇಸ್. ಅಲ್ಲಿಗೆ ಹೋದದ್ದು ಅಲ್ಲೇ ಬಿದ್ದುಹೋಗುತ್ತದೆ. ಈ ಪಾಠದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. "ನಾಲ್ಕೂ ಊರು ನನ್ನವು" ಎಂದು ಹೇಳಿಕೊಂಡವನೇ ಅದರ ಹೊಣೆಯನ್ನೂ ಹೊರಬೇಕು.

ಆಮೇಲೆ ಆಥೆಂಟಿಕೇಶನ್. ಅದಿಲ್ಲದಿದ್ದರೆ ಅದೇ ತಂತಿಗೆ ಯಾರೋ ತಂದು ಜೋಡಿಸಿದ ರೂಟರ್ ಕೂಡ ಸರಿಯಾದ ಎಎಸ್ ಸಂಖ್ಯೆ ಹೇಳಿ ನೆರೆಯವನಾಗಿಬಿಡುತ್ತದೆ. ಕೀ-ಚೈನ್ ಮಾಡಿ, ಎರಡೂ ಕಡೆ ಒಂದೇ ಕೀ ಸಂಖ್ಯೆ, ಒಂದೇ ಗುಟ್ಟಿನ ಪದ ಕೊಟ್ಟು, ಎಂಡಿ5 ಹಾಕಬೇಕು. ಗುಟ್ಟಿನ ಪದ ತಂತಿಯ ಮೇಲೆ ಹೋಗುವುದಿಲ್ಲ, ಅದರಿಂದ ಲೆಕ್ಕ ಹಾಕಿದ ಮೊಹರು ಮಾತ್ರ ಹೋಗುತ್ತದೆ. ಬೇಕೆಂದೇ ಒಂದು ಕಡೆ ಒಂದಕ್ಷರ ಬದಲಿಸಿದೆ, ನೆರೆಹೊರೆ ಮುರಿದುಬಿತ್ತು. ಪದದ ಕೊನೆಯ ಖಾಲಿ ಜಾಗವೂ ಅಕ್ಷರವೇ ಎಂದು ಮಾಮ ಎಚ್ಚರಿಸಿದರು.

"ಹಾಗಾದರೆ ಇನ್ನು ಸುಳ್ಳು ದಾರಿ ಬರುವುದಿಲ್ಲ ಅಲ್ವಾ ಮಾಮ?" ಎಂದು ಕೇಳಿದೆ. ಅವರು ನಕ್ಕು 2008ರ ಫೆಬ್ರವರಿ 24ರ ಕಥೆ ಹೇಳಿದರು. ಯೂಟ್ಯೂಬ್ ಆಗ 208.65.152.0/22 ಎಂಬ ಒಂದೇ ಸಮ್ಮರಿಯನ್ನು ಜಗತ್ತಿಗೆ ಸಾರುತ್ತಿತ್ತು. ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ 208.65.153.0/24 ಎಂಬ ದಾರಿಯನ್ನು ಹಾಕಿತು. ಅದು ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯೂ ಕಂಪನಿಯ ಮೂಲಕ ಹೊರಗೆ ಹರಡಿತು. ರೂಟರ್ ಯಾವಾಗಲೂ ಹೆಚ್ಚು ನಿಖರವಾದ ದಾರಿಯನ್ನೇ ಆರಿಸುತ್ತದೆ. /22ಕ್ಕಿಂತ /24 ನಿಖರ. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ.

ಇಲ್ಲಿ ಕೀ-ಚೈನ್ ಇದ್ದರೂ ಪ್ರಯೋಜನವಿರಲಿಲ್ಲ. ಮಾತಾಡಿದವನು ಗುರುತಿನ ನೆರೆಯವನೇ, ಹೇಳಿದ್ದು ಮಾತ್ರ ಸರಿಯಿರಲಿಲ್ಲ. ಅಂಥದ್ದನ್ನು ತಡೆಯಲು ನೆರೆಯವನಿಂದ ಯಾವ ದಾರಿ ಒಪ್ಪಬಹುದು ಎಂಬ ಪಟ್ಟಿ, ಅಂದರೆ ಫಿಲ್ಟರ್ ಬೇಕು. ಯೂಟ್ಯೂಬ್ ತಾನೂ ಅದೇ /24 ಸಾರಿತು, ಸಾಲದೆ ಅದನ್ನು ಎರಡು /25 ಆಗಿ ಒಡೆದು ಇನ್ನಷ್ಟು ನಿಖರವಾಗಿ ಸಾರಿ ತನ್ನ ವಿಳಾಸ ವಾಪಸ್ ಪಡೆಯಿತು.

ಈಗ ಮೂರನೇ ರೂಟರ್ ಸೇರಿಸಿದ್ದೇನೆ, ಹೆಸರು ಎನ್.ಆರ್.ಪುರ. ಸರಿಯಾದ ಕೀ ಕೊಟ್ಟೇ ಅದರಿಂದ 10.1.1.0/25 ಎಂಬ ಸುಳ್ಳು ದಾರಿ ಕಳಿಸಬೇಕು, ಶೃಂಗೇರಿಯಲ್ಲಿ ಫಿಲ್ಟರ್ ಹಾಕಿ ಅದನ್ನು ತಡೆಯಬೇಕು. ಶನಿವಾರ ತರಗತಿ ಮುಗಿದ ಮೇಲೆ ಲ್ಯಾಪ್‌ಟಾಪ್ ತರುತ್ತೇನೆ. ನೋಡಬೇಕೆನ್ನುವವರು ಬನ್ನಿ.